ಜಾತಿಗಳ ಪಟ್ಟಿಗಿಂತ ಜಾಗದ ಕಾಲಂ ಮುಖ್ಯ: ಹಕ್ಕಿ ಮತ್ತು ಸರೀಸೃಪ ಸಮೀಕ್ಷೆಯ ಪಾಠ

ಹೊಲ, ಬದು, ಕೆರೆಯಂಚುಗಳಲ್ಲಿ ಹಕ್ಕಿ, ಹಾವು, ಹಲ್ಲಿಗಳ ಸಮೀಕ್ಷೆಗೆ ಹೊಸದಾಗಿ ಸೇರಿದವರು ಸಂಜೆ ಮೊದಲು ಎಣಿಸುವುದು ಒಟ್ಟು ಎಷ್ಟು ಜಾತಿ ಸಿಕ್ಕಿತು ಎನ್ನುವುದನ್ನು. ಆ ಅಂಕಿಯಿಂದ ಒಂದು ಬದುವೂ ಉಳಿಯುವುದಿಲ್ಲ. ಜೆಸಿಬಿ ಬರುವ ಮುಂಚೆ ಜಮೀನಿನವರ ಜೊತೆ ಕೂತು ಮಾತಾಡಲು ಬೇಕಾದದ್ದು ಬೇರೆ ಮಾಹಿತಿ: ಯಾವ ಪ್ರಾಣಿ, ಯಾವ ತಿಂಗಳು, ಜಮೀನಿನ ಯಾವ ತುಣುಕನ್ನು ಯಾತಕ್ಕೆ ಬಳಸುತ್ತಿದೆ. ‘ಕಳ್ಳಿಪೀರ, 6’ ಅಂತ ಬರೆದರೆ ಅರ್ಧ ಕೆಲಸ. ‘ಕಳ್ಳಿಪೀರ, 6, ಕಾಲುವೆಯ ಪೂರ್ವದ ಮಣ್ಣುಗೋಡೆ, ಎರಡು ಬಿಲಕ್ಕೆ ಕೀಟ ಒಯ್ಯುತ್ತಿವೆ’ ಅಂತ ಬರೆದರೆ ಅಲ್ಲಿ ಮರಿಗಳಿವೆ ಎಂದೂ ಗೊತ್ತಾಗುತ್ತದೆ, ಆ ಗೋಡೆಯನ್ನು ಯಾವಾಗ ಮುಟ್ಟಬಾರದು ಎಂದೂ ಗೊತ್ತಾಗುತ್ತದೆ.

ಹಕ್ಕಿ ಎಣಿಕೆಯ ಕ್ರಮ ಸರಳ. ಸೂರ್ಯೋದಯದಿಂದ ಎರಡು ಮೂರು ಗಂಟೆಯೊಳಗೆ, ಒಂದಕ್ಕೊಂದು 200 ಮೀಟರ್‌ಗೆ ಕಡಿಮೆಯಿಲ್ಲದ ಬಿಂದುಗಳಲ್ಲಿ ನಿಲ್ಲಬೇಕು. ಬಂದ ಸದ್ದಿಗೆ ಬೆದರಿದವು ಸಹಜಕ್ಕೆ ಮರಳಲು ಎರಡು ನಿಮಿಷ ಬಿಟ್ಟು, ಆಮೇಲೆ 10 ನಿಮಿಷ ಎಣಿಸಬೇಕು. ತಲೆಮೇಲೆ ಹಾರಿಹೋದವು ಬೇರೆ ಕಾಲಂಗೆ ಹೋಗಬೇಕು, ಅವು ಆ ಜಾಗವನ್ನು ಬಳಸಿದವಲ್ಲ. ಗಾಳಿ ಜೋರಿದ್ದರೆ ಆ ದಿನದ ಎಣಿಕೆ ಬಿಡಿ. ಸಣ್ಣ ಹಕ್ಕಿಗಳ ದನಿ ಕಿವಿಗೆ ಬೀಳದೆ, ಅವು ಇಲ್ಲವೆಂದೇ ದಾಖಲೆಯಾಗಿಬಿಡುತ್ತದೆ.

ಸರೀಸೃಪಗಳಿಗೆ ಇದೇ ವೇಳಾಪಟ್ಟಿ ಹಿಡಿದರೆ ಏನೂ ಸಿಗುವುದಿಲ್ಲ. ತಂಪಾದ ಮುಂಜಾನೆ ಓತಿಕ್ಯಾತ, ಹಾವುರಾಣಿಗಳು ಸಂದಿಯಿಂದ ಹೊರಬರುವುದೇ ಇಲ್ಲ. ಕಲ್ಲು ಬಿಸಿಲಿಗೆ ಬೆಚ್ಚಗಾಗತೊಡಗಿದ ಹೊತ್ತು ಒಳ್ಳೆಯದು, ನಡುಮಧ್ಯಾಹ್ನ ಮತ್ತೆ ನೆರಳು ಸೇರುತ್ತವೆ. ಮಳೆ ನಿಂತ ಮೇಲಿನ ಬಿಸಿಲನ್ನು ತಪ್ಪಿಸಬಾರದು. ನಮ್ಮ ನೆರಳು ಪ್ರಾಣಿಯ ಮೇಲೆ ಬೀಳದಂತೆ ನಡೆಯುವುದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಬಹುಪಾಲು ಓತಿಕ್ಯಾತಗಳು ಕೈತಪ್ಪುವುದು ಇಲ್ಲೇ.

ಹಾವುಗಳಿಗಾಗಿ ಬದುವಿನ ಬುಡದಲ್ಲಿ ಮರದ ಹಲಗೆಗಳನ್ನು ನೆಲಕ್ಕೆ ಒರಗುವಂತೆ ಹಾಸಿ ಕೆಲವು ವಾರ ಮುಟ್ಟದೆ ಬಿಡುತ್ತೇವೆ. ತಗಡು ಬೇಡ, ಬಿರುಬಿಸಿಲಿಗೆ ಅದರಡಿ ಯಾವುದೂ ನಿಲ್ಲುವುದಿಲ್ಲ. ಎತ್ತುವಾಗ ಕೈ ಹಾಕಬಾರದು. ಉದ್ದನೆಯ ಕೊಕ್ಕೆಯಿಂದ ಹಲಗೆಯ ಆಚೆ ಅಂಚನ್ನು ನಮ್ಮ ಕಡೆಗೆ ಎತ್ತಬೇಕು. ಆಗ ಹಲಗೆ ನಮಗೂ ಹಾವಿಗೂ ನಡುವೆ ಅಡ್ಡ ಇರುತ್ತದೆ, ಹಾವಿಗೆ ಆಚೆ ದಾರಿ ತೆರೆದಿರುತ್ತದೆ. ಕಲ್ಲು ಮಗುಚಿದರೆ ಅದೇ ಗುಂಡಿಗೆ, ಅದೇ ಮಗ್ಗುಲಿಗೆ ಮರಳಿ ಕೂರಿಸಬೇಕು. ಓರೆಯಾಗಿ ಬಿಟ್ಟ ಕಲ್ಲಿನಡಿಯ ತೇವ ಬೇಗ ಆರಿಹೋಗಿ, ಆ ಆಸರೆ ಕೆಲಸಕ್ಕೆ ಬಾರದಂತಾಗುತ್ತದೆ.

ಹಾವೇ ಕಾಣದಿದ್ದರೂ ಪೊರೆ ಸಿಗುತ್ತದೆ. ವಿಷದ ಕಟ್ಟುಹಾವು ಮತ್ತು ವಿಷವಿಲ್ಲದ ತೋಳಹಾವನ್ನು ಅದಲುಬದಲು ಮಾಡುವುದು ಎಲ್ಲ ಕಡೆ ನಡೆಯುವ ತಪ್ಪು. ಪೊರೆಯನ್ನು ಬೆಳಕಿಗೆ ಹಿಡಿದು ಬೆನ್ನಿನ ನಟ್ಟನಡುವಿನ ಸಾಲು ನೋಡಿ: ಆ ಒಂದು ಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡದಾಗಿ, ಆರು ಮೂಲೆಯಾಗಿದ್ದರೆ ಕಟ್ಟುಹಾವು. ತೋಳಹಾವಿನಲ್ಲಿ ಆ ಸಾಲು ಉಳಿದವುಗಳಂತೆಯೇ ಇರುತ್ತದೆ. ಫೋಟೊದಲ್ಲಾದರೆ ಪಟ್ಟೆ ನೋಡಬಹುದು. ಕಟ್ಟುಹಾವಿನ ಬಿಳಿಪಟ್ಟೆ ಕತ್ತಿನ ಹತ್ತಿರ ಮಸುಕು, ಬಾಲದ ಕಡೆ ಸ್ಪಷ್ಟ. ತೋಳಹಾವಿನದು ಇದಕ್ಕೆ ತಿರುಗುಮುರುಗು. ಪಟ್ಟೆ ವ್ಯತ್ಯಾಸವಾಗುವುದುಂಟು, ಹಾಗಾಗಿ ಹುರುಪೆಯನ್ನೇ ನಂಬಿ. ಜೀವಂತ ಹಾವಿನ ಬಳಿ ಹೋಗಿ ಇದನ್ನು ಪರೀಕ್ಷಿಸುವಂತಿಲ್ಲ. ಪೊರೆಯ ಉದ್ದವನ್ನು ಹಾವಿನ ಉದ್ದವೆಂದು ಬರೆಯಬೇಡಿ, ಕಳಚುವಾಗ ಅದು ಹಿಗ್ಗಿರುತ್ತದೆ.

ಈಗ ರಕ್ಷಣೆಯ ಮಾತು. ಇಲ್ಲಿ ಹೆಚ್ಚಿನ ಹಾನಿ ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ. ‘ಖಾಲಿ ಬಿದ್ದಿದೆ’ ಅಂತ ಬಯಲಿನಲ್ಲಿ ಸಾಲಾಗಿ ಸಸಿ ನೆಟ್ಟರೆ ಟಿಟ್ಟಿಭ, ನೆಲಗುಬ್ಬಿಗಳು ಮೊಟ್ಟೆಯಿಡುವ ಬರಿನೆಲ ಹೋಗುತ್ತದೆ. ಸುತ್ತಲೂ ದೂರದವರೆಗೆ ಕಾಣುವ ಜಾಗವೇ ಟಿಟ್ಟಿಭಕ್ಕೆ ಬೇಕು. ಗಿಡ ನೆಡಲೇಬೇಕೆಂದರೆ ಬೇಲಿಸಾಲಿನ ಖಾಲಿ ಜಾಗಗಳಿವೆ. ಒಣಮರವನ್ನೂ ಉಳಿಸಲು ಕೇಳಿಕೊಳ್ಳುತ್ತೇವೆ. ಕುಟ್ರ, ಮರಕುಟಿಗ ಕೊರೆದು ಬಿಟ್ಟ ಪೊಟರೆಗೆ ಹಾಲಕ್ಕಿ, ಮೈನಾ, ನೀಲಕಂಠ ಕಾಯುತ್ತಿರುತ್ತವೆ, ಇವಕ್ಕೆ ಸ್ವಂತ ಪೊಟರೆ ಕೊರೆಯಲು ಬಾರದು.

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದ ಬಗ್ಗೆ ಕಟ್ಟುನಿಟ್ಟಾಗಿರಬೇಕು. ನೀರಿಗಿಳಿದ ಕೇರೆ, ಉಡ ಜಾರುವ ಹಾಳೆಯ ಮೇಲೆ ಹತ್ತಲಾಗದೆ ಸುಸ್ತಾಗಿ ಮುಳುಗುತ್ತವೆ. ಎರಡಡಿ ಅಗಲದ ತೆಂಗಿನ ನಾರಿನ ಚಾಪೆಯನ್ನು ದಡದ ಗೂಟಕ್ಕೆ ಕಟ್ಟಿ, ಹೊಂಡದ ತಳದವರೆಗೆ ಇಳಿಬಿಡಿ. ಕೆಳತುದಿಗೆ ಮರಳಿನ ಚೀಲದ ಭಾರ ಸಾಕು, ಚೂಪುಕಲ್ಲು ಕಟ್ಟಿದರೆ ಹಾಳೆ ಹರಿಯುತ್ತದೆ. ಸಿಕ್ಕಿಬಿದ್ದ ಪ್ರಾಣಿ ಅಂಚು ಹಿಡಿದೇ ಈಜಿ ಮೂಲೆಗೆ ಬರುವುದರಿಂದ ನಾಲ್ಕೂ ಮೂಲೆಗೆ ಒಂದೊಂದು ಬೇಕು. ಚಾಪೆ ಅರ್ಧಕ್ಕೇ ನಿಂತರೆ, ಬೇಸಿಗೆಯಲ್ಲಿ ನೀರು ಇಳಿದಾಗ ಅದು ಗಾಳಿಯಲ್ಲಿ ತೂಗುತ್ತದೆ, ಪ್ರಾಣಿಗೆ ಎಟುಕುವುದಿಲ್ಲ. ನೈಲಾನ್ ಬಲೆಯನ್ನಂತೂ ಬಳಸಲೇಬೇಡಿ. ಹಾವು ಕಣ್ಣಿಯೊಳಗೆ ನುಗ್ಗಿದರೆ ಹುರುಪೆ ಸಿಕ್ಕಿಕೊಂಡು ಹಿಂದಕ್ಕೆ ಬರಲಾರದು, ಎಳೆದಷ್ಟೂ ಮೈ ಕೊಯ್ಯುತ್ತದೆ.

ಇಲಿಪಾಷಾಣವೂ ಇದೇ ಲೆಕ್ಕಕ್ಕೆ ಸೇರಬೇಕು. ಬ್ರೊಮಾಡಿಯೊಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ನಿಧಾನವಾಗಿ ಓಡಾಡಿಕೊಂಡಿದ್ದು ಗೂಬೆಗೆ ಸುಲಭವಾಗಿ ಸಿಗುತ್ತದೆ. ವಿಷ ಗೂಬೆಯ ಮೈಗೂ ಸೇರುತ್ತದೆ. ಕಣಜ ಗೂಬೆ ಗೂಡು ಮಾಡಿರುವ ಕಟ್ಟಡದ ಸುತ್ತ ವಿಷದ ಬದಲು ಇಲಿಬೋನು ಇಡುವಂತೆ ಹೇಳುತ್ತೇವೆ.

ಗೂಡು ಇರುವ ನಿಖರ ಜಾಗ, ಜಿಪಿಎಸ್ ಅಂಕಿ ಸಮೇತ ಜಮೀನಿನವರಿಗೆ ಮತ್ತು ತಂಡದ ದಾಖಲೆಗೆ ಮಾತ್ರ ಹೋಗಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಫೋಟೊದಲ್ಲಿ ಅದನ್ನು ತೆಗೆದುಹಾಕಿ, ಗೂಡಿನ ಫೋಟೊವನ್ನು ಮರಿ ಹಾರಿಹೋದ ಮೇಲೆ ಕಳಿಸಿ.