ಕಬಿನಿಯಿಂದ ಕುಟ್ಟದವರೆಗೆ: ನಾಗರಹೊಳೆ ಸುತ್ತಲು ನಮ್ಮ ಬೇಸಿಗೆ ಪ್ಲ್ಯಾನ್

ಜನವರಿ, 2025

ಈ ಬೇಸಿಗೆ ರಜೆಗೆ ನಾಗರಹೊಳೆ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಹೋಗುವವರು ಅತ್ತೆ, ಮಾವ, ನಾವಿಬ್ಬರು, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಒಂದು ರಾತ್ರಿ ರೆಸಾರ್ಟ್, ಒಂದು ಸಫಾರಿ, ಮಾರನೇ ದಿನ ವಾಪಸ್ ಬೆಂಗಳೂರು ಅನ್ನೋ ಥರ ಬೇಡ. ಕಾಡಿನ ಒಂದು ಕಡೆಯಿಂದ ಹೊರಟು, ಸುತ್ತು ಹಾಕಿ, ಇನ್ನೊಂದು ಕಡೆಯಿಂದ ಹೊರಗೆ ಬರಬೇಕು ಅನ್ನೋದು ನನ್ನ ಆಸೆ. ಕೆಲಸ ಎಲ್ಲಿಯವರೆಗೆ ಬಂತು ಅಂತ ಆಗಾಗ ಇಲ್ಲಿ ಬರೆಯುತ್ತಾ ಹೋಗುತ್ತೇನೆ.

ಮೊದಲು ಇತ್ಯರ್ಥ ಆಗಬೇಕಿದ್ದದ್ದು, ಯಾವಾಗ ಹೋಗೋದು ಅಂತ. "ಏಪ್ರಿಲ್‌ನಲ್ಲಾ? ಸುಡು ಬಿಸಿಲು, ಕಾಡೆಲ್ಲ ಒಣಗಿರುತ್ತೆ, ದಸರಾ ರಜದಲ್ಲಿ ಹೋಗಿ" ಅಂತ ನೆಂಟರು ಹೇಳಿದರು. ಹಸಿರು ನೋಡೋದಕ್ಕೆ ಅವರ ಮಾತು ಸರಿ. ಪ್ರಾಣಿ ನೋಡೋದಕ್ಕೆ ಬೇಸಿಗೆಯೇ ಸರಿ. ಅದಕ್ಕೆ ಕಾರಣ ಕಬಿನಿ.

ಬೀಚನಹಳ್ಳಿ ಹತ್ತಿರ ಕಬಿನಿಗೆ ಅಣೆಕಟ್ಟು ಆಗಿದ್ದು 1974ರಲ್ಲಿ. ಅದರ ಹಿನ್ನೀರಿನ ಒಂದು ದಡದಲ್ಲಿ ನಾಗರಹೊಳೆ, ಎದುರು ದಡದಲ್ಲಿ ಬಂಡೀಪುರ. ಮಳೆಗಾಲದಲ್ಲಿ ನೀರು ಕಾಡಿನ ಅಂಚಿನವರೆಗೂ ತುಂಬಿರುತ್ತದೆ. ಬೇಸಿಗೆ ಹೊತ್ತಿಗೆ ನೀರು ಇಳಿದು, ಮುಳುಗಿದ್ದ ನೆಲ ಮೇಲೆ ಬರುತ್ತದೆ. ಆ ತೇವದ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಆಗ ಕಾಡಿನೊಳಗಿನ ಹಳ್ಳಕೊಳ್ಳ ಬತ್ತಿರುತ್ತವೆ, ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಕುಡಿಯೋಕೆ ನೀರು, ಮೇಯೋಕೆ ಹುಲ್ಲು ಎರಡೂ ಸಿಗೋದು ಈ ದಡದಲ್ಲಿ ಮಾತ್ರ. ಹಾಗಾಗಿ ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಹಿಂಡು ಹಿಂಡಾಗಿ ಇಲ್ಲಿಗೆ ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಕಾಣುವ ಜಾಗ ಬೇರೆ ಕಡೆ ಸಿಗೋದು ಬಹಳ ಕಷ್ಟ. ಮಕ್ಕಳಿಗೆ ಇದನ್ನು ತೋರಿಸಲೇಬೇಕು ಅಂತ ನನಗೆ ಎಷ್ಟೋ ವರ್ಷದಿಂದ ಇದೆ.

ಬೇಸಿಗೆಯಲ್ಲೂ ಒಂದು ಲೆಕ್ಕ ಇದೆ. ಮುಂಗಾರಿಗೆ ಮುಂಚಿನ ಮಳೆ ನಾಲ್ಕು ಸಲ ಜೋರಾಗಿ ಬಿದ್ದರೆ ಕಾಡಿನೊಳಗೆ ನೀರು ನಿಲ್ಲುತ್ತದೆ, ಹುಲ್ಲು ಚಿಗುರುತ್ತದೆ, ಆನೆಗಳು ಚದುರಿಬಿಡುತ್ತವೆ. ಅದಕ್ಕೇ ಮೇ ಕೊನೆವರೆಗೂ ಕಾಯೋದು ಬೇಡ ಅಂದುಕೊಂಡೆ. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ. ಏಪ್ರಿಲ್ 14 ಸೋಮವಾರ ಅಂಬೇಡ್ಕರ್ ಜಯಂತಿ, ಅದೇ ದಿನ ಕೇರಳದಲ್ಲಿ ವಿಷು. 18 ಗುಡ್ ಫ್ರೈಡೆ, 20 ಈಸ್ಟರ್. ಈ ಎರಡೂ ವಾರಾಂತ್ಯ ಜನಜಾತ್ರೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು 21ರ ಸೋಮವಾರ ಹೊರಟು 25ರ ಶುಕ್ರವಾರ ವಾಪಸ್ ಅಂತ ಗುರುತು ಹಾಕಿದೆ.

ಫೆಬ್ರವರಿ ಮೊದಲ ವಾರ

ಈ ವಾರವೆಲ್ಲ ಮ್ಯಾಪ್ ಮುಂದೆಯೇ ಕಳೆದೆ. ಯಾರಾದರೂ ಈ ಕಡೆ ಪ್ಲ್ಯಾನ್ ಮಾಡುತ್ತಿದ್ದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ಕಿಲೋಮೀಟರ್ ನೋಡಿ ಪ್ಲ್ಯಾನ್ ಮಾಡಬೇಡಿ, ಗೇಟ್ ನೋಡಿ ಮಾಡಿ.

ಎಚ್.ಡಿ. ಕೋಟೆಯಿಂದ ಮಾನಂದವಾಡಿಗೆ ಹೋಗುವ ರಸ್ತೆ ದಮ್ಮನಕಟ್ಟೆಯಿಂದ ಬಾವಲಿಯವರೆಗೆ ಕಾಡಿನೊಳಗೇ ಸಾಗುತ್ತದೆ. ಸಂಜೆ 6ಕ್ಕೆ ಮುಚ್ಚಿದರೆ ಮತ್ತೆ ತೆರೆಯೋದು ಬೆಳಗ್ಗೆ 6ಕ್ಕೆ. ಕೊಡಗಿನ ಕುಟ್ಟದಿಂದ ನಾಗರಹೊಳೆ ಮೇಲೆ ಹುಣಸೂರಿಗೆ ಬರುವ ರಸ್ತೆಗೂ ಇದೇ ನಿಯಮ. ಆ ದಾರಿಯಲ್ಲಿ ನಾಣಚ್ಚಿ ಗೇಟಿನಲ್ಲಿ ಒಳಗೆ ಹೋದರೆ ವೀರನಹೊಸಹಳ್ಳಿ ಗೇಟಿನಲ್ಲಿ ಹೊರಗೆ. ನಡುವೆ ನಿಲ್ಲಿಸೋ ಹಾಗಿಲ್ಲ, ಇಳಿಯೋ ಹಾಗಿಲ್ಲ. ಮಧ್ಯಾಹ್ನದ ಸಫಾರಿ ಮುಗಿಸಿಕೊಂಡು ಆ ಕಡೆಯ ಊರಿಗೆ ಹೋಗಿಬಿಡೋಣ ಅನ್ನೋ ಲೆಕ್ಕ ಇಲ್ಲಿ ನಡೆಯೋದೇ ಇಲ್ಲ.

ನನಗೆ ಈ ನಿಯಮ ತುಂಬ ಇಷ್ಟ. ರಾತ್ರಿ ಹೊತ್ತು ರಸ್ತೆ ದಾಟುವ ಕಡವೆ, ಚಿರತೆ, ಆನೆ ಮರಿಗಳು ಲಾರಿ ಕೆಳಗೆ ಸಿಗೋದು ಇದರಿಂದ ತಪ್ಪುತ್ತದೆ. ಬಂಡೀಪುರದ ಹೆದ್ದಾರಿಯಲ್ಲೂ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ತಡೆ ಇದೆ. ನಮ್ಮ ಪ್ರಯಾಣ ಒಂದು ದಿನ ಜಾಸ್ತಿ ಆದರೆ ಆಗಲಿ.

ಹೀಗೆ ಗೇಟುಗಳನ್ನೇ ಹಿಡಿದುಕೊಂಡು ನೋಡಿದಾಗ ದಾರಿ ತಾನಾಗಿ ಸುತ್ತು ಬಂತು. ಮೈಸೂರು, ಎಚ್.ಡಿ. ಕೋಟೆ, ಕಬಿನಿ ದಡದ ಕಾರಾಪುರ. ಅಲ್ಲಿಂದ ದಮ್ಮನಕಟ್ಟೆ, ಬಳ್ಳೆ, ಬಾವಲಿ ದಾಟಿ ಕೇರಳದ ಕಾಟಿಕುಳಂ, ತೋಲ್ಪೆಟ್ಟಿ. ಮತ್ತೆ ಕರ್ನಾಟಕಕ್ಕೆ ಬಂದು ಕುಟ್ಟ. ಕೊನೆಗೆ ನಾಗರಹೊಳೆಯ ನಡುವಿನ ರಸ್ತೆಯಲ್ಲಿ ಹುಣಸೂರು, ಮೈಸೂರು. ಹೋದ ದಾರಿಯಲ್ಲಿ ವಾಪಸ್ ಬರೋ ಹಾಗೇ ಇಲ್ಲ. ಕಬಿನಿ ಕಡೆ ಎರಡು ರಾತ್ರಿ, ಕುಟ್ಟದಲ್ಲಿ ಎರಡು ರಾತ್ರಿ.

ಬಾಡಿಗೆ ಗಾಡಿಯಲ್ಲಿ ಹೋಗುವವರು ಗಮನಿಸಿ. ಕೇರಳದೊಳಗೆ ಹೋಗೋದು ಸ್ವಲ್ಪ ದೂರವೇ ಆದರೂ ಹಳದಿ ಬೋರ್ಡ್ ಗಾಡಿಯ ಪರ್ಮಿಟ್ ವಿಷಯ ಡ್ರೈವರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಫೆಬ್ರವರಿ ಕೊನೆ

ಕಾರಾಪುರದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನ ಕಬಿನಿ ರಿವರ್ ಲಾಡ್ಜ್ ಬುಕ್ ಆಯಿತು. ವಸತಿ, ಊಟ, ಸಫಾರಿ ಎಲ್ಲ ಒಟ್ಟಿಗೇ ಬರುತ್ತದೆ. ಅದೇ ಆವರಣದಲ್ಲಿ ಮೈಸೂರು ಮಹಾರಾಜರ ಕಾಲದ ಬೇಟೆ ಬಂಗಲೆ ಇದೆ. ಖರ್ಚು ಜಾಸ್ತಿಯೇ. ಹಣ ಉಳಿಸಬೇಕು ಅನ್ನುವವರು ಹತ್ತಿರದ ಊರಲ್ಲಿ ಉಳಿದುಕೊಂಡು ಅರಣ್ಯ ಇಲಾಖೆಯ ಬಸ್ ಸಫಾರಿಗೆ ಹೋಗಬಹುದು.

ನಾವು ಇಲ್ಲೇ ಉಳಿಯೋಣ ಅಂದುಕೊಂಡಿದ್ದು ದೋಣಿ ಸಫಾರಿಗಾಗಿ. ಮಾವನಿಗೆ ಸೊಂಟ ನೋವು. ಜೀಪಿನಲ್ಲಿ ಮೂರು ಗಂಟೆ ಕುಲುಕಾಟ ಅವರ ಕೈಲಿ ಆಗೋದಿಲ್ಲ. ದೋಣಿ ಆದರೆ ಆರಾಮಾಗಿ ಕೂತು ನೋಡಬಹುದು. ದಡಕ್ಕೆ ಬಂದ ಆನೆ, ಕಾಟಿ, ಬಿಸಿಲು ಕಾಯಿಸುವ ಮೊಸಳೆ, ಅದೃಷ್ಟ ಇದ್ದರೆ ನೀರುನಾಯಿ ಎಲ್ಲ ನೀರಿನ ಕಡೆಯಿಂದಲೇ ಚೆನ್ನಾಗಿ ಕಾಣುತ್ತವೆ. ಸೋಮವಾರ ಮಧ್ಯಾಹ್ನ ಎಲ್ಲರಿಗೂ ದೋಣಿ. ಮಂಗಳವಾರ ಬೆಳಗ್ಗೆ ಮಕ್ಕಳಿಗೂ ನಮಗೂ ಜೀಪ್.

ಕಬಿನಿ ದಡದ ಕಾಕನಕೋಟೆ ಕಾಡಿನ ಹೆಸರು ಎತ್ತಿದ ಕೂಡಲೇ ಮಾವ ಖೆಡ್ಡಾ ವಿಷಯ ಶುರು ಮಾಡಿದರು. ಮಹಾರಾಜರ ಕಾಲದಲ್ಲಿ ಕಾಡಾನೆ ಹಿಂಡನ್ನು ತಮಟೆ, ಬೆಂಕಿ, ಪಳಗಿದ ಆನೆಗಳ ಸಹಾಯದಿಂದ ಅಟ್ಟಿಕೊಂಡು ಬಂದು, ಹೊಳೆ ದಾಟಿಸಿ, ದೊಡ್ಡ ಮರದ ದೊಡ್ಡಿಯೊಳಗೆ ಕೂಡುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಗ ಮಾವ ಹೈಸ್ಕೂಲಿನಲ್ಲಿದ್ದರಂತೆ, ಪೇಪರಿನಲ್ಲಿ ಓದಿದ್ದು ಇನ್ನೂ ನೆನಪಿದೆ. ಆ ಕಾಡಿನ ಒಂದಷ್ಟು ಭಾಗ ಈಗ ಹಿನ್ನೀರಿನ ಅಡಿ ಇದೆ. ಆನೆಗಳನ್ನು ಅಟ್ಟಿ ಹಿಡಿಯುತ್ತಿದ್ದ ಅದೇ ಹೊಳೆ ದಡಕ್ಕೆ ಇವತ್ತು ಆನೆಗಳು ತಾವಾಗಿ ಬಂದು ಮೇಯುತ್ತವೆ. ದೋಣಿಯಲ್ಲಿ ಕೂತಾಗ ಈ ಕಥೆಯನ್ನು ಮಕ್ಕಳಿಗೆ ಮಾವನೇ ಹೇಳಬೇಕು ಅಂತ ಒಪ್ಪಿಸಿದ್ದೇನೆ.

ಮಾರ್ಚ್

ಅತ್ತೆಯದು ಒಂದೇ ಬೇಡಿಕೆ. "ನೋಡಮ್ಮ, ಅಷ್ಟು ದೂರ ಹೋಗಿ ತಿರುನೆಲ್ಲಿ ನೋಡದೆ ಬರೋದಾ?" ಅಂದರು. ಅವರು ಹೇಳಿದ್ದು ನ್ಯಾಯ. ಕಾಟಿಕುಳಂನಿಂದ ತೋಲ್ಪೆಟ್ಟಿಗೆ ಹೋಗುವಾಗ ದಾರಿಯಲ್ಲೇ ತಿರುನೆಲ್ಲಿಗೆ ರಸ್ತೆ ಒಡೆಯುತ್ತದೆ. ಬ್ರಹ್ಮಗಿರಿ ಬೆಟ್ಟದ ಮಡಿಲಲ್ಲಿರುವ ಮಹಾವಿಷ್ಣುವಿನ ದೇವಸ್ಥಾನ. ಹಿರಿಯರಿಗೆ ಪಿಂಡ ಬಿಡಲು ನಮ್ಮ ಕಡೆಯವರೂ ಅಲ್ಲಿನ ಪಾಪನಾಶಿನಿ ತೊರೆಗೆ ಹೋಗುತ್ತಾರೆ. ಬುಧವಾರ ಬೆಳಗ್ಗೆ ತಿಂಡಿ ಆದ ಮೇಲೆ ಕಾರಾಪುರ ಬಿಟ್ಟರೆ ದೇವಸ್ಥಾನದ ಬಾಗಿಲು ಮುಚ್ಚುವ ಮೊದಲು ತಲುಪಬೇಕು. ಆ ರಸ್ತೆ ಒಡೆಯುವ ಕಡೆ ಸಿಗುವ ಉಣ್ಣಿಯಪ್ಪ ಅನ್ನೋ ಸಿಹಿ ತಿಂಡಿ ತುಂಬ ಹೆಸರುವಾಸಿ, ಮಕ್ಕಳಿಗೆ ಅದೊಂದು ಆಸೆ ತೋರಿಸಿದ್ದೇನೆ.

ಮಗನಿಗೆ ಆ ದಾರಿಯಲ್ಲಿ ಬೇರೆಯದೇ ಕಾರಣ. ಅವನು ದಸರಾ ಆನೆಗಳ ಹುಚ್ಚ. 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನ ಬಳ್ಳೆಯ ಆನೆ ಶಿಬಿರದವನು. 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾದಾಡಿ ಸತ್ತುಹೋದ. ಆ ಸುದ್ದಿ ಬಂದ ದಿನ ಮಗ ಊಟ ಬಿಟ್ಟಿದ್ದ. ಬಳ್ಳೆ ದಾಟುವಾಗ ಗಾಡಿ ನಿಧಾನ ಮಾಡಬೇಕು ಅಂತ ಈಗಲೇ ಡ್ರೈವರಿಗೆ ಹೇಳಿಸಿದ್ದಾನೆ. ಈ ಶಿಬಿರಗಳ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಬಹಳ ಮಂದಿ ಜೇನು ಕುರುಬರು. ಇದು ಅವರ ಊರು, ಅವರ ಕಾಡು. ಎಷ್ಟೋ ಕುಟುಂಬಗಳು ಕಾಡಿನ ಒಳಗಿಂದ ಹೊರಗೆ ಬರಬೇಕಾಯಿತು. ನಾವು ದುಡ್ಡು ಕೊಟ್ಟು ನೋಡೋಕೆ ಹೋಗುವ ಜಾಗದ ಬಗ್ಗೆ ಮಕ್ಕಳಿಗೆ ಇದೂ ಗೊತ್ತಿರಬೇಕು.

ಮಗಳಿಗೆ ಕರಿ ಚಿರತೆ ಬೇಕು. ಅದು ಬೇರೆ ಜಾತಿಯಲ್ಲ, ಮೈಬಣ್ಣ ಕಪ್ಪಾಗಿರುವ ಚಿರತೆಯೇ, ಬಿಸಿಲು ಸರಿಯಾಗಿ ಬಿದ್ದರೆ ಕಪ್ಪಿನೊಳಗೇ ಮಚ್ಚೆ ಕಾಣುತ್ತದೆ ಅಂತ ಅವಳೇ ಓದಿಕೊಂಡು ನನಗೆ ಪಾಠ ಮಾಡಿದಳು. ಸಿಗುತ್ತೆ ಅಂತ ನಾನು ಮಾತು ಕೊಟ್ಟಿಲ್ಲ. ಹುಲಿ ಬಗ್ಗೆಯೂ ಅಷ್ಟೇ. "ಹುಲಿ ಸಿಕ್ತಾ?" ಅನ್ನೋ ಒಂದೇ ಪ್ರಶ್ನೆ ಹಿಡಿದುಕೊಂಡು ಹೋದರೆ ಮುಂದೆ ನಿಂತಿರುವ ಸಾವಿರ ಜಿಂಕೆಯೂ ಕಣ್ಣಿಗೆ ಬೀಳೋದಿಲ್ಲ.

ಅದಕ್ಕೇ ಮಕ್ಕಳಿಗೆ ಈಗ ಕಿವಿಯ ತಾಲೀಮು ನಡೆದಿದೆ. ಹುಲಿ, ಚಿರತೆ ನಡೆದಾಡಿದರೆ ಮೊದಲು ಗೊತ್ತಾಗೋದು ಮುಸುವ, ಜಿಂಕೆ, ಕಡವೆಗಳಿಗೆ. ಮುಸುವ ಮರದ ಮೇಲಿಂದ ನೋಡಿ ಕೂಗುತ್ತದೆ. ಕಡವೆ ಸುಮ್ನೆ ಕೂಗೋದು ಕಮ್ಮಿ, ಅದು ಕೂಗಿತು ಅಂದರೆ ಹತ್ತಿರದಲ್ಲಿ ಏನೋ ಇದೆ ಅಂತಲೇ ಲೆಕ್ಕ. ಮೊಬೈಲಿನಲ್ಲಿ ಆ ಕೂಗುಗಳನ್ನು ಹಾಕಿ, ಕಣ್ಣು ಮುಚ್ಚಿಕೊಂಡು ಯಾವುದು ಅಂತ ಹೇಳೋದು ರಾತ್ರಿ ಊಟ ಆದ ಮೇಲಿನ ಆಟ. ಅತ್ತೆ ಎಲ್ಲರಿಗಿಂತ ಚೆನ್ನಾಗಿ ಗುರುತಿಸುತ್ತಾರೆ. ಜೊತೆಗೆ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರ ಕೆಲಸದ ಬಗ್ಗೆಯೂ ಓದಿಸಿದೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರೋದಿಲ್ಲ. ಹಾಗಾಗಿ ಕಾಡಿನಲ್ಲಿ ಕಟ್ಟಿದ ಕ್ಯಾಮೆರಾಗಳ ಫೋಟೊದಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸಬಹುದು. ಅವರು ಆ ಕೆಲಸವನ್ನು ಬೆಳೆಸಿದ್ದು ಇದೇ ನಾಗರಹೊಳೆಯಲ್ಲಿ.

ಏಪ್ರಿಲ್ ಎರಡನೇ ವಾರ

ಕುಟ್ಟದ ಹೋಂಸ್ಟೇ ಕಾಫಿ ತೋಟದೊಳಗೇ ಇದೆ. ಮನೆಯ ಅಕ್ಕ ಫೋನಿನಲ್ಲಿ ಚೆನ್ನಾಗಿ ಮಾತಾಡಿದರು. ಹೂಮಳೆ ಬಿದ್ದು ಕಾಫಿ ಹೂವು ಆಗಲೇ ಮುಗಿದಿದೆಯಂತೆ. ಅತ್ತೆ ಮಾವ ಸಸ್ಯಾಹಾರಿಗಳು ಅಂದಾಗ, "ಕಡಂಬುಟ್ಟಿಗೆ ಕುಂಬಳ ಕರಿ ಮಾಡ್ತೀನಿ, ಯೋಚನೆ ಮಾಡ್ಬೇಡಿ" ಅಂದರು. ಕಡಂಬುಟ್ಟು ಅಂದರೆ ಅಕ್ಕಿ ತರಿಯ ಕಡುಬು. ಸಂಜೆ ಆದ ಮೇಲೆ ತೋಟದಲ್ಲಿ ಓಡಾಡಬೇಡಿ, ಆನೆ ಬರುತ್ತೆ ಅಂತಲೂ ಎಚ್ಚರಿಸಿದ್ದಾರೆ.

ಗುರುವಾರ ಇರ್ಪು ಜಲಪಾತ. ಬೇಸಿಗೆಯಲ್ಲಿ ನೀರು ಕಮ್ಮಿ, ಆದರೆ ಜಿಗಣೆ ಕಾಟವೂ ಇರೋದಿಲ್ಲ. ಮೆಟ್ಟಿಲು ಹತ್ತಲಾಗದಿದ್ದರೆ ಮಾವ ಕೆಳಗೆ ರಾಮೇಶ್ವರ ದೇವಸ್ಥಾನದಲ್ಲೇ ಕೂರುತ್ತಾರೆ. ರಾಮನ ಬಾಯಾರಿಕೆಗೆ ಲಕ್ಷ್ಮಣ ಬಾಣ ಬಿಟ್ಟು ನೀರು ತಂದ ಕಥೆ ಇಲ್ಲಿನದು, ಹೊಳೆಯ ಹೆಸರೂ ಲಕ್ಷ್ಮಣತೀರ್ಥ. ಅದೇ ಹೊಳೆ ಹುಣಸೂರಿನ ಮೇಲೆ ಹಾದು ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ. ಶುಕ್ರವಾರ ವಾಪಸ್ ಬರುವಾಗ ಹುಣಸೂರಿನ ಸೇತುವೆ ಮೇಲೆ ಮತ್ತೆ ಅದನ್ನು ದಾಟುತ್ತೇವೆ. ನಾಣಚ್ಚಿ ಕಡೆಯ ಸಫಾರಿ ಮಾಡೋದೋ ಬೇಡವೋ ಅನ್ನೋದನ್ನು ಗುರುವಾರ ಸಂಜೆ ಎಲ್ಲರ ಸುಸ್ತು ನೋಡಿ ತೀರ್ಮಾನ ಮಾಡೋದು. ಅಜ್ಜ ಅಜ್ಜಿ ಜೊತೆ ಹೋಗುವಾಗ ಒಂದು ಅರ್ಧ ದಿನ ಖಾಲಿ ಬಿಡಲೇಬೇಕು.

ಬಟ್ಟೆಯಲ್ಲಿ ಕೆಂಪು, ಬಿಳಿ ಬೇಡ ಅಂತ ಹೇಳಿ ಮಣ್ಣಿನ ಬಣ್ಣದವು, ಹಸಿರಿನವು ಮಾತ್ರ ತೆಗೆದಿಟ್ಟಿದ್ದೇವೆ. ಬೆಳಗಿನ ಸಫಾರಿಗೆ ಏಪ್ರಿಲ್‌ನಲ್ಲೂ ತೆಳು ಸ್ವೆಟರ್ ಬೇಕು. ಸೆಂಟು ಬೇಡ. ನೀರಿಗೆ ಸ್ಟೀಲ್ ಬಾಟಲಿ. ನೆಟ್‌ವರ್ಕ್ ಎಲ್ಲ ಕಡೆ ಸಿಗೋದಿಲ್ಲ, ಅದಕ್ಕೆ ಸ್ವಲ್ಪ ನಗದು, ಜೊತೆಗೆ ಮ್ಯಾಪ್ ಮೊದಲೇ ಡೌನ್‌ಲೋಡ್. ಎಲ್ಲರ ಆಧಾರ್ ಒಂದೇ ಕವರಿನಲ್ಲಿದೆ.

ಇನ್ನು ಬಾಕಿ ಇರೋದು ಮಾವನ ಮಾತ್ರೆ ತರೋದು, ಮಗಳ ಬೈನಾಕ್ಯುಲರ್‌ಗೆ ಕುತ್ತಿಗೆ ಪಟ್ಟಿ ಹಾಕಿಸೋದು, ಸಫಾರಿಯ ಹೊತ್ತು ಯಾವುದು ಅಂತ ಲಾಡ್ಜಿಗೆ ಫೋನ್ ಮಾಡಿ ಇನ್ನೊಮ್ಮೆ ಕೇಳೋದು. 21ಕ್ಕೆ ಬೆಳಗ್ಗೆ 5ಕ್ಕೆ ಗಾಡಿ ಬರುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ನೇರ ಹೋಗಿಬಿಟ್ಟರೆ ಬಿಡದಿಯ ತಟ್ಟೆ ಇಡ್ಲಿ ತಪ್ಪುತ್ತದೆ, ಅದಕ್ಕೆ ಸರ್ವಿಸ್ ರಸ್ತೆ ಹಿಡಿಯಿರಿ ಅಂತ ಡ್ರೈವರಿಗೆ ಹೇಳಿದ್ದಾಗಿದೆ.