ದಿನಚರಿ: ಮೈಕಾ ಅಂಟಿದ ಮೇಲೆ 18 ಎಷ್ಟಾಗುತ್ತದೆ?

ಜುಲೈ 14, 2025, ಸೋಮವಾರ

ಮರಗೆಲಸದ ತರಗತಿಯಲ್ಲಿ ಇಂದು ಅಡುಗೆಮನೆಯ ಕೆಳಗಿನ ಕ್ಯಾಬಿನೆಟ್ ಶುರು. ಅಗಲ 600, ಎತ್ತರ 720, ಆಳ 560 ಮಿ.ಮೀ. ಕೆಳಗೆ 100ರ ಕಾಲು, ಮೇಲೆ 20ರ ಗ್ರಾನೈಟ್ ಸೇರಿದರೆ ನೆಲದಿಂದ 840, ಹತ್ತಿರಹತ್ತಿರ 33 ಇಂಚು. ಟೇಪಿನಲ್ಲಿ ಇಂಚಿನ ಕಡೆ ನೋಡಬೇಡಿ ಎಂದು ಮೊದಲೇ ಹೇಳಿಬಿಡಬೇಕು. ಹಿಂಜ್, ಡ್ರಾಯರ್ ಜಾರುವ ಚಾನೆಲ್ ಎಲ್ಲವೂ ಮಿ.ಮೀ. ಲೆಕ್ಕದಲ್ಲೇ ಬರುತ್ತವೆ.

ತಳದ ಹಲಗೆಯ ಉದ್ದ ಎಷ್ಟು ಎಂದು ಕೇಳಿದರೆ ಎಲ್ಲರೂ ಬರೆಯುವುದು 564. ಶೀಟು 18 ಮಿ.ಮೀ. ಪ್ಲೈವುಡ್, ಎರಡು ಬದಿಗೆ 18ರಂತೆ 36 ಕಳೆದ ಲೆಕ್ಕ. ಆದರೆ ಶೀಟಿನ ಎರಡೂ ಮುಖಕ್ಕೆ 0.8ರ ಒಳಮೈಕಾ (ತೆಳು ಲ್ಯಾಮಿನೇಟ್ ಹಾಳೆ) ಅಂಟಿದೆ, ದಪ್ಪ 19.6 ಆಗಿದೆ. ಕಳೆಯಬೇಕಾದದ್ದು 39.2, ತಳದ ಉದ್ದ 560.8. ಒಂದು ಡಬ್ಬಿಯಲ್ಲಿ, ಅಂದರೆ ಕ್ಯಾಬಿನೆಟ್‌ನಲ್ಲಿ, 3.2 ಮಿ.ಮೀ. ಹೆಚ್ಚಾದರೆ ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಸಾಲಾಗಿ ನಿಂತಾಗ 12.8 ಆಗುತ್ತದೆ, ಕೊನೆಯದು ಗೋಡೆಗಳ ಮಧ್ಯೆ ಕೂರುವುದೇ ಇಲ್ಲ. ಅಂಗಡಿಯ 18 ಪೂರ್ತಿ 18 ಇರುತ್ತದೆ ಎಂಬ ಖಾತರಿಯೂ ಇಲ್ಲ. ಆದ್ದರಿಂದ ಪ್ರತಿ ಶೀಟಿನ ನಾಲ್ಕು ಕಡೆ ಕ್ಯಾಲಿಪರ್ ಇಟ್ಟು ದಪ್ಪ ಬರೆದುಕೊಂಡ ಮೇಲೆಯೇ ಪೆನ್ಸಿಲ್ ಹಿಡಿಯಬೇಕು.

ಹಿಂಬದಿಯ 6ರ ಪ್ಲೈವುಡ್‌ನದೂ ಇದೇ ಕತೆ. ಎರಡೂ ಕಡೆ ಮೈಕಾ ಬಿದ್ದರೆ 7.6. ಮೊದಲೇ 6ರ ಗ್ರೂವ್ (ಹಲಗೆ ಕೂರುವ ಕಾಲುವೆ) ಹೊಡೆದಿಟ್ಟವರು ಅದನ್ನು ಕೊರೆಯುವ ರೌಟರ್ ಯಂತ್ರವನ್ನು ಮತ್ತೆ ಹಿಡಿಯಬೇಕು, ಎರಡನೇ ಸಲ ಅಂಚು ಕಿತ್ತುಬರುತ್ತದೆ.

ಕತ್ತರಿಸುವ ನಕ್ಷೆ ಈ ಪಾಠದ ಸೊಗಸಾದ ಭಾಗ. 2440 × 1220ರ ಒಂದು ಶೀಟಿನಿಂದ ಎರಡು ಡಬ್ಬಿಗಳು ಹೊರಡುತ್ತವೆ. ಗರಗಸದ ದಾರಿ, ಅಂದರೆ ಪ್ರತಿ ಕೊಯ್ತದಲ್ಲಿ ಪುಡಿಯಾಗಿ ಹೋಗುವ ಅಗಲ, 3 ಮಿ.ಮೀ. ಎಂದು ಹಿಡಿಯಿರಿ. ನೇರ ಅಂಚಿಗಾಗಿ ಒಂದು ಬದಿ ಒಟ್ಟು 4 ಸವರಿದರೆ 1216 ಉಳಿಯುತ್ತದೆ. ಅದರಲ್ಲಿ 560ರ ಎರಡು ಪಟ್ಟಿ, ಎರಡು ಕೊಯ್ತ, ಉಳಿದದ್ದು 90. ಪ್ರತಿ ಅಗಲ ಪಟ್ಟಿಯಲ್ಲಿ 720ರ ಎರಡು ಬದಿ, ಒಂದು ತಳ. 90ರ ಪಟ್ಟಿಯಲ್ಲಿ ಡಬ್ಬಿಗೆ ಎರಡರಂತೆ ಮೇಲಿನ ಅಡ್ಡಪಟ್ಟಿಗಳು ನಾಲ್ಕೂ ಬರುತ್ತವೆ. ಪಟ್ಟಿಯ ಕೊನೆಯಲ್ಲಿ ಉಳಿಯುವ ಸುಮಾರು 430 × 560ರ ತುಂಡನ್ನು ಎಸೆಯಬೇಡಿ. 557ಕ್ಕೆ ಇಳಿಸಿದರೆ ಅದೇ ಒಳಗಿನ ಶೆಲ್ಫ್. ಕೊಯ್ತದ 3 ಮಿ.ಮೀ. ಮರೆತವರಿಗೆ 96 ಎಂದುಕೊಂಡ ಅಡ್ಡಪಟ್ಟಿ 90ಕ್ಕೆ ಬಂದು ನಿಲ್ಲುತ್ತದೆ.

ಜೋಡಣೆಯಲ್ಲಿ ಕೆಡುವುದು ಸ್ಕ್ರೂ. ಪ್ಲೈವುಡ್‌ನ ಅಂಚಿಗೆ 4 × 50ರ ಸ್ಕ್ರೂವನ್ನು ನೇರವಾಗಿ ಓಡಿಸಿದರೆ ಪದರಗಳು ಬಿಚ್ಚಿಕೊಂಡು ಬದಿ ಉಬ್ಬುತ್ತದೆ. ಮೊದಲು 3ರ ಬಿಟ್‌ನಲ್ಲಿ ತೂತು, ಮೂಲೆಯಿಂದ 50 ಬಿಟ್ಟು, ಆಮೇಲೆ ಸ್ಕ್ರೂ. ಪೂರ್ತಿ ಬಿಗಿಯುವ ಮುನ್ನ ಕರ್ಣ ಅಳೆಯಬೇಕು, ಎರಡೂ 937 ಬರಬೇಕು. ಮೂಲೆಮಟ್ಟ ಒಂದು ಮೂಲೆಯನ್ನಷ್ಟೇ ಹೇಳುತ್ತದೆ, ಕರ್ಣ ಇಡೀ ಡಬ್ಬಿಯನ್ನು ಹೇಳುತ್ತದೆ. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದದ ಕರ್ಣಕ್ಕೆ ಕ್ಲಾಂಪ್ ಹಾಕಿ ಎಳೆದು ನಂತರ ಬಿಗಿಯಿರಿ. ಇಲ್ಲಿ ಬಿಟ್ಟ ಸೊಟ್ಟ, ಕ್ಯಾಬಿನೆಟ್ ಬಾಗಿಲಾದ ಶಟರ್‌ಗಳ ನಡುವಿನ ಸಂದಿನಲ್ಲಿ ಎದ್ದು ಕಾಣುತ್ತದೆ, ಹಿಂಜ್ ತಿರುಗಿಸಿ ಮುಚ್ಚಲಾಗದು.

ಮಳೆಗಾಲವಾದ್ದರಿಂದ ಫೆವಿಕಾಲ್ ನಿಧಾನವಾಗಿ ಒಣಗುತ್ತಿದೆ. ಮೈಕಾ ಹಾಕಿದ ಶೀಟನ್ನು ಭಾರದಡಿ ಒಂದು ಹಗಲು, ಒಂದು ರಾತ್ರಿ ಬಿಡುವುದು ಒಳ್ಳೆಯದು. ಶಟರ್‌ಗೆ ಒಂದೇ ಮುಖಕ್ಕೆ ಮೈಕಾ ಹಾಕಿ ಉಳಿಸಿದ ಹಣ ಉಳಿಯುವುದಿಲ್ಲ. ಬರಿಯ ಮುಖ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ, ಶಟರ್ ಬಿಲ್ಲಿನಂತೆ ಬಾಗುತ್ತದೆ. ಸಿಂಕ್ ಕೆಳಗಿನ ಡಬ್ಬಿಗೆ ಐಎಸ್ 710 ಗುರುತಿನ (ನೀರು ತಡೆಯುವ ಮರೈನ್) ಪ್ಲೈವುಡ್ಡೇ ಬೇಕು, ಕೊಯ್ದ ಅಂಚು ಒಂದನ್ನೂ ಬರಿದೆ ಬಿಡಬಾರದು. ಸಿಲಿಂಡರ್ ಇಡುವ ಡಬ್ಬಿಯಲ್ಲಿ ಗಾಳಿಕಿಂಡಿ ನೆಲದ ಹತ್ತಿರ ಇರಲೇಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಇದನ್ನು ಮಾತ್ರ ಎಲ್ಲರಿಂದಲೂ ಎರಡೆರಡು ಸಲ ಹೇಳಿಸಬೇಕು.

ನಾಳೆ ಶಟರ್: ಅಂಚುಪಟ್ಟಿ ಸೇರಿ 297 × 717. ಸುತ್ತ 2ರ ಪಟ್ಟಿ ಬರುವುದರಿಂದ ಕೊಯ್ಯುವ ಅಳತೆ 293 × 713. ಹಿಂಜಿನ 35ರ ತೂತಿನ ನಡುಬಿಂದು ಅಂಚಿನಿಂದ 22, ಆಳ 12. ಬಿಟ್‌ಗೆ ಆಳದ ಗುರುತು ಕಟ್ಟದೆ ಯಾರೂ ಡ್ರಿಲ್ ಮುಟ್ಟುವಂತಿಲ್ಲ.