ಪ್ಲೇಟ್ ರೀಡರ್ ಪಕ್ಕ ಎರಡು ಕುರ್ಚಿ

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನನ್ನ ಕೆಲಸದ ಒಂದು ಭಾಗ ಐಜೆಮ್ ತಂಡದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವುದು. ಬ್ಯಾಕ್ಟೀರಿಯಾ, ಯೀಸ್ಟ್‌ನಂಥ ಜೀವಿಗಳ ಡಿಎನ್‌ಎ ಬದಲಿಸಿ, ಅವುಗಳಿಂದ ಹೊಸ ಕೆಲಸ ಮಾಡಿಸುವ ಸ್ಪರ್ಧೆ ಇದು. 2003ರಲ್ಲಿ ಎಂಐಟಿಯಲ್ಲಿ ಸಣ್ಣ ಕೋರ್ಸ್ ಆಗಿ ಶುರುವಾಯಿತು. ಮರುವರ್ಷ ಸ್ಪರ್ಧೆಯಾದಾಗ ಇದ್ದದ್ದು 5 ತಂಡ. ಈಗ ವರ್ಷಕ್ಕೆ 400ಕ್ಕೂ ಜಾಸ್ತಿ. ವರ್ಷದ ಕೊನೆಗೆ ಎಲ್ಲ ತಂಡಗಳು ಸೇರುವ ಸಮಾವೇಶ, ಜಂಬೂರಿ, 2022ರಿಂದ ಪ್ಯಾರಿಸ್‌ನಲ್ಲಿ ನಡೆಯುತ್ತಿದೆ.

ಹೊಸ ತಂಡ ಕೂಡಿದ ಕೂಡಲೇ ಒಂದು ಸಂಗತಿ ತಾನಾಗಿಯೇ ನಡೆದುಬಿಡುತ್ತದೆ. ಬಯಾಲಜಿ ಓದುವವರು ವೆಟ್ ಲ್ಯಾಬ್, ಅಂದರೆ ಪ್ರಯೋಗದ ಕೆಲಸ; ಕೋಡ್ ಬರೆಯಬಲ್ಲವರು ಡ್ರೈ ಲ್ಯಾಬ್, ಅಂದರೆ ಕಂಪ್ಯೂಟರ್ ಕೆಲಸ. ಎರಡು ಮೇಜು, ಎರಡು ವಾಟ್ಸಾಪ್ ಗುಂಪು. ವಾರಕ್ಕೊಮ್ಮೆ ಮೀಟಿಂಗ್‌ನಲ್ಲಿ ಒಬ್ಬರ ಸ್ಲೈಡ್ ಇನ್ನೊಬ್ಬರು ನೋಡಿ ತಲೆಯಾಡಿಸುತ್ತಾರೆ. ಯಾರಿಗೂ ಏನೂ ಅರ್ಥವಾಗಿರುವುದಿಲ್ಲ. ಕೇಳುವುದಕ್ಕೆ ಸಂಕೋಚ, ಅಷ್ಟೇ. ಹೀಗೆ ಬಿಟ್ಟರೆ ಆ ವರ್ಷದ ಮಾಡೆಲ್, ಅಂದರೆ ಜೀವಿ ಹೇಗೆ ವರ್ತಿಸುತ್ತದೆ ಎಂದು ಹೇಳುವ ಸಮೀಕರಣಗಳು, ಸುಮ್ನೆ ವಿಕಿಯ (ತಂಡದ ವೆಬ್‌ಸೈಟ್‌ನ) ಒಂದು ಪುಟ ತುಂಬಿಸಲು ಉಳಿಯುತ್ತದೆ. ಪ್ರಯೋಗವೆಲ್ಲ ಮುಗಿದ ಮೇಲೆ, ಬಂದ ಫಲಿತಾಂಶಕ್ಕೆ ಹೊಂದುವಂತೆ ಬರೆದ ಮಾಡೆಲ್ ಅದು. ಅಂಥದ್ದನ್ನು ತೀರ್ಪುಗಾರರು ಎರಡು ಪ್ರಶ್ನೆಯಲ್ಲೇ ಕಂಡುಹಿಡಿಯುತ್ತಾರೆ.

ಈ ಎರಡು ಮೇಜುಗಳು ನಿಜಕ್ಕೂ ಕೂಡುವ ಜಾಗ ಮೀಟಿಂಗ್ ಅಲ್ಲ, ಅಳತೆ. ಇದು ನನಗೆ ಗಟ್ಟಿಯಾದದ್ದು ಒಂದು ಜಗಳದಿಂದ.

ಆ ವರ್ಷದ ತಂಡ ಒಂದು ಪ್ರೊಮೋಟರ್ (ಜೀನ್ ಅನ್ನು ಚಾಲೂ ಮಾಡುವ ಡಿಎನ್‌ಎ ತುಣುಕು) ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಎಂದು ಜಿಎಫ್‌ಪಿ ಬಳಸಿ ನೋಡುತ್ತಿತ್ತು. ಜಿಎಫ್‌ಪಿ ಅಂದರೆ ಹಸಿರಾಗಿ ಹೊಳೆಯುವ ಪ್ರೋಟೀನ್. ಹೊಳಪು ಜಾಸ್ತಿ ಇದ್ದರೆ ತಯಾರಿಕೆ ಜಾಸ್ತಿ ಎಂಬ ಲೆಕ್ಕ. ಹೊಳಪನ್ನು ಓಡಿಯಿಂದ, ಅಂದರೆ ಕಲ್ಚರ್‌ನ (ದ್ರವದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ) ದಟ್ಟಣೆಯಿಂದ ಭಾಗಿಸಿದರೆ ಒಂದೊಂದು ಕೋಶದ ಪಾಲು ಸಿಗುತ್ತದೆ. ಮಾಡೆಲ್ ಬರೆದ ಹುಡುಗನ ಗ್ರಾಫ್‌ನಲ್ಲಿ ಈ ಪಾಲು ಸ್ವಲ್ಪ ಏರಿ ಮಟ್ಟಸವಾಗಿ ನಿಲ್ಲುತ್ತಿತ್ತು. ಲ್ಯಾಬ್‌ನ ಹುಡುಗಿಯ ಗ್ರಾಫ್ ಏರುತ್ತಲೇ ಇತ್ತು. ಇವನು ಅಂದ, ನಿನ್ನ ಬ್ಲಾಂಕ್ (ಕೋಶಗಳಿಲ್ಲದ ಬರೀ ದ್ರವದ ಅಳತೆ) ಸರಿ ಇಲ್ಲ. ಅವಳು ಅಂದಳು, ನಿನ್ನ ಸಮೀಕರಣ ಸರಿ ಇಲ್ಲ. ಇದೇ ವಾದ ಮೆಸೇಜ್‌ಗಳಲ್ಲಿ ದಿನಗಟ್ಟಲೆ ಎಳೆಯಿತು.

ಕೊನೆಗೆ ಇಬ್ಬರನ್ನೂ ಈ ಹೊಳಪು, ಓಡಿ ಎರಡನ್ನೂ ಅಳೆಯುವ ಯಂತ್ರದ, ಪ್ಲೇಟ್ ರೀಡರ್‌ನ, ಮುಂದೆ ಕೂರಿಸಿದೆ. ಅವನು ಕೇಳಿದ ಮೊದಲ ಪ್ರಶ್ನೆ: "ಕಲ್ಚರ್ ಬೆಳೆಯೋದು ಯಾವಾಗ ನಿಲ್ಲುತ್ತೆ?" ಅವಳು ಓಡಿ ಗ್ರಾಫ್ ತೋರಿಸಿದಳು. ಅರ್ಧ ದಾರಿಯಲ್ಲೇ ಅದು ಚಪ್ಪಟೆ. ಅಲ್ಲಿಗೆ ಗಂಟು ಬಿಚ್ಚಿತು.

ಸಾಮಾನ್ಯ ಜಿಎಫ್‌ಪಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಬೇಗ ನಾಶವಾಗುವುದಿಲ್ಲ. ಅದು ಕಡಿಮೆಯಾಗುವುದು ಮುಖ್ಯವಾಗಿ ಕೋಶ ಎರಡಾದಾಗ, ಇದ್ದದ್ದು ಇಬ್ಬರಿಗೆ ಹಂಚಿಹೋಗುವುದರಿಂದ. ಒಳ್ಳೆಯ ಮೀಡಿಯಾದಲ್ಲಿ (ಪೋಷಕ ದ್ರವದಲ್ಲಿ), 37 ಡಿಗ್ರಿಯಲ್ಲಿ, ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಬೆಳವಣಿಗೆ ನಿಂತರೆ ಹಂಚಿಕೆಯೂ ನಿಲ್ಲುತ್ತದೆ. ಆಮೇಲೆ ತಯಾರಿಕೆ ನಿಧಾನಕ್ಕೆ ನಡೆದರೂ ಸಾಕು, ಪ್ರತಿ ಕೋಶದ ಹೊಳಪು ಏರುತ್ತಲೇ ಇರುತ್ತದೆ. ಮಾಡೆಲ್‌ನಲ್ಲಿ ಬೆಳವಣಿಗೆಯ ವೇಗವನ್ನು ಬದಲಾಗದ ಒಂದೇ ಅಂಕಿಯಾಗಿ ಇಟ್ಟಿದ್ದರು. ಲ್ಯಾಬ್‌ನಲ್ಲಿ ರಾತ್ರಿಯಿಡೀ ಬೆಳೆಸಿದ ಕಲ್ಚರ್ ಅಳೆಯುತ್ತಿದ್ದರು. ಇಬ್ಬರ ಕೆಲಸವೂ ಅವರವರ ಮಟ್ಟಿಗೆ ಸರಿಯೇ. ಆದರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವು.

ಅಂಕಿಯ ತೊಂದರೆ ಇನ್ನೊಂದಿದೆ. ಪ್ಲೇಟ್ ರೀಡರ್ 12,000 ಎಂದು ತೋರಿಸಿದರೆ ಅದು 12,000 ಏನು? ಏನೂ ಅಲ್ಲ. ಯಂತ್ರದ್ದೇ ಒಂದು ಮಾನ. ಗೇನ್, ಅಂದರೆ ಯಂತ್ರ ಸಂಕೇತವನ್ನು ಎಷ್ಟು ಹಿಗ್ಗಿಸುತ್ತದೆ ಎಂಬುದನ್ನು, ಬದಲಿಸಿದರೆ ಅದೇ ಕಲ್ಚರ್ ಬೇರೆ ಅಂಕಿ ಕೊಡುತ್ತದೆ. ಮಾಡೆಲ್‌ನವರಿಗೆ ಬೇಕಾದ್ದು ಒಂದು ಕೋಶಕ್ಕೆ ಎಷ್ಟು ಪ್ರೋಟೀನ್ ಎಂಬಂಥ ಲೆಕ್ಕ. ಓಡಿಯೂ ಅಷ್ಟೇ. ಅದು ಕೋಶಗಳು ಬೆಳಕನ್ನು ಎಷ್ಟು ಚದುರಿಸಿದವು ಎಂಬುದರ ಅಂದಾಜು. ಯಂತ್ರ ಬದಲಾದರೆ, ಪ್ಲೇಟ್‌ನ ಒಂದೊಂದು ಸಣ್ಣ ಗುಳಿಯಲ್ಲಿ (ಬಾವಿ ಅನ್ನುತ್ತೇವೆ) ಹಾಕಿದ ದ್ರವದ ಪ್ರಮಾಣ ಬದಲಾದರೆ ಅದೂ ಬದಲು.

ಇದಕ್ಕೆ ದಾರಿ ಇದೆ, ಅದೂ ಅಗ್ಗದ್ದು. ಹೊಳಪಿಗೆ ಫ್ಲೋರೆಸೀನ್ ಎಂಬ ಬಣ್ಣ, ಓಡಿಗೆ ಬ್ಯಾಕ್ಟೀರಿಯಾದಷ್ಟೇ ಸಣ್ಣ ಸಿಲಿಕಾ ಮಣಿಗಳು. ಎರಡನ್ನೂ ಪ್ಲೇಟ್‌ನಲ್ಲಿ ಹಂತಹಂತವಾಗಿ ಅರ್ಧರ್ಧ ತೆಳುವಾಗಿಸಿ ಓದಿಸಬೇಕು. ಯಂತ್ರದ ಅಂಕಿಗೆ ಹೊರಗಿನ ಒಂದು ಮಾನ ಸಿಗುತ್ತದೆ. ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಒಂದೇ ಅಳತೆ ಮಾಡಿಸಿ ಹೋಲಿಸುವ, ಐಜೆಮ್ 2014ರಲ್ಲಿ ಶುರುಮಾಡಿದ ಇಂಟರ್‌ಲ್ಯಾಬ್ ಅಧ್ಯಯನ ಹುಟ್ಟಿದ್ದೇ ಅಳತೆಯ ಈ ತಲೆನೋವಿನಿಂದ. 2018ರಲ್ಲಿ ಓಡಿಯಿಂದ ಕೋಶ ಎಣಿಸುವ ಮೂರು ವಿಧಾನಗಳನ್ನು ಹೋಲಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 244 ಪ್ರಯೋಗಾಲಯಗಳ ದತ್ತಾಂಶ ಇತ್ತು. ಸಿಲಿಕಾ ಮಣಿಗಳ ವಿಧಾನವೇ ಎಲ್ಲಕ್ಕಿಂತ ನಂಬಿಕೆಗೆ ಯೋಗ್ಯ ಎಂದು ಕಂಡಿತು. ಬಹುಪಾಲು ವಿದ್ಯಾರ್ಥಿಗಳೇ ಮಾಡಿದ ಅಳತೆ ಅದು. ನನಗೆ ಈ ಸ್ಪರ್ಧೆಯಲ್ಲಿ ಪದಕಗಳಿಗಿಂತ ಇಂಥದ್ದೇ ದೊಡ್ಡದಾಗಿ ಕಾಣುತ್ತದೆ.

ಆ ಜಗಳದ ನಂತರ ನಮ್ಮಲ್ಲಿ ಕೆಲವು ಪದ್ಧತಿ ಬಂದವು. ಕ್ಯಾಲಿಬ್ರೇಷನ್ ಪ್ಲೇಟ್, ಅಂದರೆ ಆ ಬಣ್ಣ, ಮಣಿಗಳ ಪ್ಲೇಟ್, ಮಾಡುವುದು ಡ್ರೈ ಲ್ಯಾಬ್‌ನವರು. ಸುರಕ್ಷತಾ ತರಬೇತಿ ಎಲ್ಲರಿಗೂ ಕಡ್ಡಾಯ, ಆದ್ದರಿಂದ "ನಾನು ಕೋಡ್ ಮಾತ್ರ" ಎಂಬ ನೆಪ ನಡೆಯುವುದಿಲ್ಲ. ಪಿಪೆಟ್ ಹಿಡಿದು ತೆಳುವಾಗಿಸುವಾಗ ಕೈ ಎಷ್ಟು ತಪ್ಪುತ್ತದೆ ಎಂದು ಒಮ್ಮೆ ನೋಡಿದವನು, ಆಮೇಲೆ ಎರರ್ ಬಾರ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂದು ತೋರಿಸುವ ಗೆರೆ) ಇಲ್ಲದೆ ಗ್ರಾಫ್ ಕೇಳುವುದಿಲ್ಲ. ಹಾಗೆಯೇ ವೆಟ್ ಲ್ಯಾಬ್‌ನವರು ತಮ್ಮ ದತ್ತಾಂಶಕ್ಕೆ ಗೆರೆ ಕೂಡಿಸುವುದನ್ನು ಪೈಥಾನ್‌ನಲ್ಲಿ ತಾವೇ ಮಾಡುತ್ತಾರೆ. ಗೊಣಗುತ್ತಾರೆ, ಆದರೆ ಮಾಡುತ್ತಾರೆ.

ಮುಂದಿನ ಪ್ಲೇಟ್‌ನಲ್ಲಿ ಯಾವ ಬಾವಿಗೆ ಏನು ಹೋಗಬೇಕು ಎಂಬುದನ್ನು ಇಬ್ಬರೂ ಕೂತು ಬರೆಯುತ್ತಾರೆ. ಗೇನ್, ಮೀಡಿಯಾ, ತಾಪಮಾನ, ಎಷ್ಟು ನಿಮಿಷಕ್ಕೊಮ್ಮೆ ಓದು, ಎಲ್ಲವೂ ಅದೇ ಹಾಳೆಯಲ್ಲಿ. ಜಿಎಫ್‌ಪಿ ಇಲ್ಲದ ಕೋಶಗಳ ಬಾವಿಗಳು ಕಡ್ಡಾಯ, ಯಾಕೆಂದರೆ ನಾವು ಬಳಸುವ ಎಲ್‌ಬಿ ಎಂಬ ಮೀಡಿಯಾ ತಾನೇ ಸ್ವಲ್ಪ ಹೊಳೆಯುತ್ತದೆ, ಕೋಶಗಳೂ ಹೊಳೆಯುತ್ತವೆ. ವಿಕಿಯಲ್ಲಿ ಯಾರು ಏನು ಮಾಡಿದರು ಎಂದು ಬರೆಯಲೇಬೇಕಲ್ವಾ, ಆಗ ಈ ಹಾಳೆಗಳೇ ಸಾಕ್ಷಿ. ವಿಕಿ ಫ್ರೀಜ್‌ನ, ಅಂದರೆ ವಿಕಿ ಬದಲಿಸಲು ಇರುವ ಕೊನೆ ಗಡುವಿನ, ಹಿಂದಿನ ರಾತ್ರಿ ನೆನಪು ಕೆದಕುವ ಪಾಡು ತಪ್ಪುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಪ್ರತಿ ಹೊಸ ತಂಡ ಕೇಳುತ್ತದೆ. ಡಿಎನ್‌ಎ ಆರ್ಡರ್ ಮಾಡಿ ಅದು ಬರುವವರೆಗೆ ವೆಟ್ ಲ್ಯಾಬ್ ಕೈಕಟ್ಟಿ ಕೂರುತ್ತದೆ. ಕ್ಯಾಲಿಬ್ರೇಷನ್‌ಗೆ ಹೊಸ ಡಿಎನ್‌ಎ ಬೇಡ, ಕೋಶಗಳೂ ಬೇಡ. ಆ ವಾರಗಳಲ್ಲೇ ಮಾಡಿಸುತ್ತೇನೆ. ಮಾಡುವವರಿಗೆ ಒಂದು ಮಾತು: ಸಿಲಿಕಾ ಮಣಿಗಳು ಬೇಗ ತಳಕ್ಕೆ ಇಳಿಯುತ್ತವೆ. ಪ್ರತಿ ಬಾರಿ ತೆಗೆಯುವ ಮುಂಚೆ ಚೆನ್ನಾಗಿ ಕಲಕಿ, ಓದಿಸುವ ಮುಂಚೆ ಇನ್ನೊಮ್ಮೆ ಕಲಕಿ.